ದಮ್ಮಾಮಿನಿಂದ ಬಂದ ಟೇಪು

೧೩ ನವೆಂಬರ್ ೧೯೮೩, ಐತವಾರ
ಹುಮನಾಬಾದ

ಇವರು ಮಾತು ತುಂಬಿ ಕಳಿಸಿದ ಟೇಪು ಬಂದು ವಾರವಾಯಿತು. ಇನ್ನೂ ಕೇಳಿಲ್ಲ. ಕೇಳಿದ್ದೇನೆ, ಆದರೆ ಅದು ಕೇಳಿದ ಹಾಗಲ್ಲ.

ದೀಪಾವಳಿಗೆ ಮನೆಗೆ ಸುಣ್ಣ ಹಚ್ಚಲು ಬಂದವರು ಮಷಿನ್ ಎಲ್ಲಾ ಕಿತ್ತು ಅಂಗಳದಲ್ಲಿಟ್ಟಿದ್ದರು. ಟೇಪ್ ರಿಕಾರ್ಡರ್, ಅದರ ಕೆಳಗಿನ ಆಂಪ್ಲಿಫೈಯರ್, ಎರಡು ದೊಡ್ಡ ಸ್ಪೀಕರ್ ಪೆಟ್ಟಿಗೆ. ಹೋದ ವರ್ಷ ಅರಬ ದೇಶದ ದಮ್ಮಾಮಿನಿಂದ ರಜೆಗೆ ಬಂದಾಗ ಇವರು ಹೊತ್ತು ತಂದದ್ದು, ತಾವೇ ಕುಳಿತು ಜೋಡಿಸಿದ್ದು. ಈಗ ಮತ್ತೆ ಜೋಡಿಸಿದವರು ಅದೇ ಸುಣ್ಣದವರು, ತಮಗೆ ತಿಳಿದ ಹಾಗೆ. ಅಂದಿನಿಂದ ಎಡಗಡೆ ಪೆಟ್ಟಿಗೆ ಚರಚರ ಅನ್ನುತ್ತದೆ. ಎರಡರಲ್ಲೂ ಗುಂಯ್ ಅನ್ನುವ ಆವಾಜು. ಗುಂಡಿ ಎಷ್ಟು ತಗ್ಗಿಸಿದರೂ ಆ ಗುಂಯ್ ತಗ್ಗುವುದಿಲ್ಲ. ಅದನ್ನು ದಾಟಿ ಇವರ ಮಾತು ಕೇಳಬೇಕಾದರೆ ದೊಡ್ಡದು ಮಾಡಬೇಕು. ದೊಡ್ಡದು ಮಾಡಿದರೆ ಓಣಿಗೆಲ್ಲ ಕೇಳುತ್ತದೆ.

ಕೇಳಿಯೂ ಕೇಳಿತು. "ಅವ್ವಾ, ಆರಾಮ ಅದಿಯೇನು?" ಅಂತ ಇವರ ದನಿ ಬಂದದ್ದೇ ತಡ, ಆಚೆ ಮನೆಯವರು ಈಚೆ ಮನೆಯವರು ಎಲ್ಲ ಬಂದು ಪಡಸಾಲೆಯಲ್ಲಿ ಕುಳಿತರು. ನಮ್ಮ ಅತ್ತಿಯವರಿಗೆ ಖುಷಿಯೋ ಖುಷಿ. ನಾನು ಒಲೆಯ ಮುಂದೆ ಚಹಾ ಸೋಸುತ್ತ ಕಿವಿ ಇತ್ತ ಇಟ್ಟಿದ್ದೆ. ಮಳೆ ಹ್ಯಾಂಗಾಯ್ತು, ಎಮ್ಮೆ ಈಯಿತೇ, ಎಲ್ಲಾ ಕೇಳಿದ ಮೇಲೆ ಕೊನೆಗೆ ದನಿ ತಗ್ಗಿಸಿ, "ಇನ್ನ ಮೀರಾ, ನಿನಗಂತ ಒಂದು ಮಾತು ಹೇಳೂದದ..." ಅಂದರು.

ಓಡಿಹೋಗಿ ಗುಂಡಿ ತಗ್ಗಿಸಿದೆ. ಮಂದಿ ನಕ್ಕರು. ಗುಂಯ್‌ನಲ್ಲಿ ಆ ಮಾತು ಮುಳುಗಿಹೋಯಿತು.

೧೭ ನವೆಂಬರ್, ಗುರುವಾರ

ಗುರುವಾರ ಅತ್ತಿ ಮಾಣಿಕನಗರಕ್ಕೆ ದರ್ಶನಕ್ಕೆ ಹೋಗುತ್ತಾರೆ, ಬರುವುದು ಸಂಜೆಯೇ. ಮನೆಯಲ್ಲಿ ನಾನೊಬ್ಬಳೇ. ಬಾಗಿಲು ಹಾಕಿಕೊಂಡು ಆ ಕೊನೆಯ ಮಾತು ಹಾಕಿದೆ. ಪಿಸುಮಾತು ಅದು, ಕೇಳಬೇಕಾದರೆ ಗುಂಡಿ ಪೂರಾ ತಿರುಗಿಸಬೇಕು. ನಮಗೂ ಆಚೆ ಮನೆಗೂ ಒಂದೇ ಗೋಡೆ. ಅರ್ಧಕ್ಕೆ ತಿರುಗಿಸುವಷ್ಟರಲ್ಲಿ ಗೋಡೆಯಾಚೆಯಿಂದ ಕೂಗಿದರು, "ಮೀರಾಬಾಯಿ, ಹೊಸಾ ಟೇಪ್ ಬಂತೇನು?"

ಬಂದ್ ಮಾಡಿ ಬಜಾರಕ್ಕೆ ಹೋದೆ. ರೇಡಿಯೊ ರಿಪೇರಿ ಮಾಡುವ ಕಾಸಿಂ ಭಾಯಿ, "ಮಷಿನ್ ಇಲ್ಲಿ ತರ್ರಿ, ನೋಡೂಣು" ಅಂದರು. ಇಲ್ಲಿ ತಂದರೆ ಬಜಾರವೆಲ್ಲ ಇವರ ಮಾತು ಕೇಳಬೇಕು. ಮನೆಗೇ ಬನ್ನಿ ಅನ್ನೋಣವೆಂದರೆ ಅತ್ತಿ ಮೊದಲೇ ಹೇಳಿಬಿಟ್ಟಿದ್ದಾರೆ, "ಗಂಡಸರಿಲ್ಲದ ಮನಿಯಾಗ ರಿಪೇರಿಯವರು ಬರೂದು ಬ್ಯಾಡ. ಪಂಡರಿ ಬಂದ ಮ್ಯಾಲ ಮಾಡ್ತಾನ." ಇವರು ಬರುವುದು ಯುಗಾದಿಗೆ.

ಕಿವಿಗೆ ಹಾಕಿಕೊಂಡು ಕೇಳುವುದು ಏನೋ ಇರುತ್ತದಂತಲ್ಲ ಅಂದೆ.

"ಇರ್ತದ್ರಿ. ಹೈದರಾಬಾದಿನಿಂದ ತರಿಸಬೇಕು. ಅದರಾಗೂ ಈ ಗುಂಯ್ ಬಂದೇ ಬರ್ತದ. ಮೊದಲು ರೋಗ ಹುಡುಕಬೇಕು." ಮತ್ತೆ ಅವರೇ ಅಂದರು, "ನೀವೇ ಮಾಡ್ರಿ ಮೀರಾಬಾಯಿ. ನಾ ಹೇಳಿಕೊಡ್ತೇನಿ."

"ಶಾಕ್ ಹೊಡದ್ರ?"

"ಪ್ಲಗ್ ಕಿತ್ತು ಬಾಜೂಕಿಟ್ಟು ಕೈ ಹಚ್ಚಿದರ ಯಾವ ಶಾಕೂ ಇಲ್ಲ. ಪೆಟ್ಟಿಗಿ ಬಿಚ್ಚಬ್ಯಾಡ್ರಿ, ಹೊರಗಿನ ತಾರು ಅಷ್ಟ ನೋಡ್ರಿ. ಹತ್ತಕ್ಕ ಎಂಟು ರೋಗ ತಾರಿನಾಗೇ ಇರ್ತಾವ."

ನನ್ನಿಂದ ಆಗುವ ಕೆಲಸವಲ್ಲ.

೧೮ ನವೆಂಬರ್, ಶುಕ್ರವಾರ

ಇವತ್ತು ದಮ್ಮಾಮಿನಲ್ಲಿ ಇವರಿಗೆ ರಜೆ. ಬಟ್ಟೆ ಒಗೆಯುತ್ತಿರಬಹುದು.

ಪ್ಲಗ್ ಕಿತ್ತು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಪೆಟ್ಟಿಗೆಯ ಹಿಂದೆ ಕುಳಿತೆ. ಎಡಗಡೆ ತಾರಿನ ತುದಿಗೆ ಸುಣ್ಣ ಮೆತ್ತಿ ಬೆಳ್ಳಗೆ ಒಣಗಿತ್ತು. ಬ್ಲೇಡಿನಿಂದ ಕೆರೆದೆ, ಕೆಳಗೆ ತಾಮ್ರ ಕೆಂಪಗೆ ಕಾಣಿಸಿತು. ಹೊಸೆದು ತೂತಿಗೆ ಹಾಕಿ ತಿರುಪು ಬಿಗಿದೆ. ಚರಚರ ನಿಂತಿತು!

ಗುಂಯ್ ಮಾತ್ರ ಹಾಗೇ ಇದೆ.

೨೬ ನವೆಂಬರ್, ಶನಿವಾರ

ಚರಚರ ಹೋಯಿತು, ಆದರೆ ಇವರ ದನಿ ತೆಳ್ಳಗೆ ಕೇಳುತ್ತದೆ, ಬಾವಿಯ ಆಚೆ ದಂಡೆಯಲ್ಲಿ ನಿಂತು ಮಾತಾಡಿದ ಹಾಗೆ ಅಂತ ಕಾಸಿಂ ಭಾಯಿಗೆ ಹೇಳಿದೆ. ಅವರು ನಕ್ಕರು. ಒಂದು ಪೆಟ್ಟಿಗೆಯಲ್ಲಿ ಕೆಂಪು ಕರಿ ತಾರು ಉಲ್ಟಾ ಆಗಿರಬೇಕು. ಒಂದು ಹೊರಗೆ ದಬ್ಬುವಾಗ ಇನ್ನೊಂದು ಒಳಗೆ ಎಳೆಯುತ್ತದೆ, ಎರಡೂ ಜಗಳಾಡಿ ಆವಾಜು ಸಾಯುತ್ತದೆ ಅಂದರು. ನೋಡುವ ರೀತಿಯನ್ನೂ ಹೇಳಿದರು. ಮಷಿನ್ ಕಡೆಯ ತಾರಿನ ತುದಿ ಬಿಚ್ಚಿ ಬ್ಯಾಟರಿಯ ಒಂದು ಸೆಲ್ಲಿಗೆ ಒಂದು ಕ್ಷಣ ಮುಟ್ಟಿಸಬೇಕು, ಕೆಂಪು ಮೇಲಕ್ಕೆ, ಕರಿ ಕೆಳಕ್ಕೆ. ಪೆಟ್ಟಿಗೆಯೊಳಗಿನ ಹಾಳೆ ಹೊರಗೆ ಉಬ್ಬಬೇಕು.

ಮನೆಗೆ ಬಂದು ಪೆಟ್ಟಿಗೆಗಳ ಮುಂದಿನ ಬಟ್ಟೆ ತೆಗೆದು ಸೆಲ್ಲಿಗೆ ತಾರು ಮುಟ್ಟಿಸಿದೆ. ಬಲಗಡೆಯದು ಟಪ್ ಅಂತ ಹೊರಗೆ ಬಂತು. ಎಡಗಡೆಯದು ಒಳಗೆ ಹೋಯಿತು. ಕೈಯಲ್ಲಿ ಮೀನು ಹಿಡಿದ ಹಾಗಾಯಿತು. ಅದಲು ಬದಲು ಮಾಡಿ ಬಿಗಿದೆ.

ಆಮೇಲೆ ಟೇಪು ಹಾಕಿದೆ. ಇಷ್ಟು ದಿನ ಎರಡು ಪೆಟ್ಟಿಗೆಗಳಿಂದ ಮಾತು ಬರುತ್ತಿತ್ತು. ಇವತ್ತು ಪೆಟ್ಟಿಗೆಗಳಿಂದ ಬರಲೇ ಇಲ್ಲ. ಎರಡರ ನಡುವೆ, ಗೋಡೆಗೆ ಒರಗಿಸಿದ ಹಾಸಿಗೆ ಸುರುಳಿ ಇದೆಯಲ್ಲ, ಅಲ್ಲಿಂದ ಬಂತು. ಅದಕ್ಕೆ ಒರಗಿ ಇವರು ಕುಳಿತ ಹಾಗೆ. ನಾನು ಎದ್ದು ಸೆರಗು ಸರಿ ಮಾಡಿಕೊಂಡೆ. ಹುಚ್ಚಿ.

೪ ಡಿಸೆಂಬರ್, ಐತವಾರ

ಕರೆಂಟು ಸಮ ಮಾಡುವ ಸ್ಟೆಬಿಲೈಜರ್ ಮಷಿನ್ ಕೆಳಗೇ ಇತ್ತು. ಅದನ್ನು ದೂರ ಇಡಿ ಅಂತ ಕಾಸಿಂ ಭಾಯಿ ಅಂದಿದ್ದರು, ಕಿಡಕಿಯ ಹತ್ತಿರ ಇಟ್ಟೆ. ಗುಂಯ್ ಅರ್ಧಕ್ಕರ್ಧ ಕಡಿಮೆಯಾಯಿತು.

ಮನಸ್ಸೇಕೋ ಸರಿಯಿಲ್ಲ. ಇವರ ಅಂಗಿ ಒಂದು ಟ್ರಂಕಿನಲ್ಲಿತ್ತು. ತೆಗೆದು ಮೂಸಿದರೆ ಡಾಂಬರ ಗುಳಿಗೆಯ ವಾಸನೆ. ನಾನೇ ಹಾಕಿಟ್ಟದ್ದು.

೨೨ ಡಿಸೆಂಬರ್, ಗುರುವಾರ

ಉಳಿದ ಗುಂಯ್‌ಗೆ ಕಾರಣ ಸಿಕ್ಕಿತು. ಬೋರ್ಡಿನ ಮೂರನೇ ತೂತಿನ ತಾರು ಗೋಡೆಯಿಂದ ಅಂಗಳಕ್ಕೆ ಬಂದು ಯಾವುದಕ್ಕೂ ಸೇರದೆ ಜೋತಾಡುತ್ತಿದೆ. ಅದು ಭೂಮಿಗೆ ಸೇರಬೇಕಂತೆ. ಬಚ್ಚಲ ಹತ್ತಿರ ಹಸಿ ಇರುವಲ್ಲಿ ಗುಂಡಿ ತೋಡಿ, ಕಬ್ಬಿಣದ ಪೈಪು ನಿಲ್ಲಿಸಿ, ಸುತ್ತ ಉಪ್ಪು ಇದ್ದಿಲು ತುಂಬಿ, ಪೈಪಿಗೆ ತಾರು ಬಿಗಿದು, ದಿನಾ ನೀರು ಹಾಕಬೇಕು.

ಅತ್ತಿ ಇವತ್ತು ಮಾಣಿಕನಗರಕ್ಕೆ ಹೋಗಲಿಲ್ಲ, ಮೊಣಕಾಲು ನೋವು. ನಾನು ಗುದ್ದಲಿ ಹಿಡಿದದ್ದು ನೋಡಿ ಹೊರಗೆ ಬಂದರು.

"ಏನ್ ಹುಗ್ಯಾಕತ್ತಿ?"

"ಉಪ್ಪು ಇದ್ದಿಲು ರೀ."

"ಅಯ್ಯ ಶಿವನೇ! ಅಂಗಳದಾಗ ಉಪ್ಪು ಇದ್ದಿಲು ಹುಗದರ ಮಂದಿ ಏನಂತಾರ? ಧೂಳಮ್ಮ ಸೊಸಿ ಕೈಲೆ ಮಾಟ ಮಾಡಿಸ್ಯಾಳ ಅಂತಾರ!"

"ನಿಮ್ಮ ಮಗನ ಮಾತು ಛಲೋ ಕೇಳ್ಬೇಕಂದ್ರ ಇದು ಬೇಕ್ರಿ."

ಅತ್ತಿ ಗುಂಡಿಯೊಳಗೆ ಇಣುಕಿದರು. ಆಮೇಲೆ ಒಳಗೆ ಹೋಗಿ ಉಪ್ಪಿನ ಗಡಿಗೆಯನ್ನೇ ಎತ್ತಿಕೊಂಡು ಬಂದರು. "ಮುಷ್ಟಿಲೆ ಹಾಕಿದರ ಎಲ್ಲಿ ಸಾಲ್ತದ" ಅಂತ ಬೋರಲು ಹಾಕಿದರು. ಮೇನ್ ಬಂದ್ ಮಾಡಿ ನಾನು ತಾರು ಬಿಗಿಯುವಾಗ ಪೈಪು ಅಲುಗದಂತೆ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು.

ಮಷಿನ್ ಹಚ್ಚಿದೆ. ಕೆಂಪು ದೀಪ ಹತ್ತಿತು. ಏನೂ ಆವಾಜಿಲ್ಲ. ಪೆಟ್ಟಿಗೆಗೆ ಕಿವಿ ಹಚ್ಚಿದರೂ ಇಲ್ಲ. ಆವಾಜಿಲ್ಲದ್ದು ಇಷ್ಟು ಚೆಂದ ಇರುತ್ತದೆ ಅಂತ ಗೊತ್ತಿರಲಿಲ್ಲ.

೨೯ ಡಿಸೆಂಬರ್, ಗುರುವಾರ

ಅತ್ತಿ ಹೋದರು. ಬಾಗಿಲು ಹಾಕಿದೆ. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಕುಳಿತೆ. ಯಾಕೆ ಬಾಚಿಕೊಂಡೆನೋ.

ಇವರ ಟೇಪು ಹಾಕಿದ ಕೂಡಲೇ ಮತ್ತೆ ಗುಂಯ್! ಅಳು ಬಂತು. ಅದನ್ನು ತೆಗೆದು ಅತ್ತಿಯ ಭಜನೆ ಟೇಪು ಹಾಕಿ ನೋಡಿದೆ. ಸ್ವಚ್ಛ, ತಾಳದ ಕಿಣಿಕಿಣಿ ಕೂಡ ಬೇರೆ ಬೇರೆಯಾಗಿ ಕೇಳುತ್ತದೆ. ಮತ್ತೆ ಇವರದು ಹಾಕಿದೆ, ಮತ್ತೆ ಗುಂಯ್. ಹಾಗಾದರೆ ಈ ಗುಂಯ್ ನಮ್ಮ ಮನೆಯದಲ್ಲ, ಟೇಪಿನೊಳಗೇ ಇದೆ. ಇವರು ಮಾತು ತುಂಬುವ ಮಷಿನ್ ಕೆಟ್ಟಿರಬೇಕು.

ಆದರೂ ಈಗ ಮೊದಲಿಗಿಂತ ಎಷ್ಟೋ ಸ್ಪಷ್ಟ. ಸಣ್ಣದಾಗಿ ಇಟ್ಟು ಹತ್ತಿರ ಕುಳಿತು ಕೊನೆಗೆ ಬಂದೆ.

"ಇನ್ನ ಮೀರಾ, ನಿನಗಂತ ಒಂದು ಮಾತು ಹೇಳೂದದ..."

ಸುಮ್ಮನಾದರು. ಹಿಂದೆ ಯಾರೋ ಏನೋ ಅಂದರು, ಯಾವುದೋ ಬೇರೆ ಭಾಷೆ. ಒಂದಿಬ್ಬರು ಗಂಡಸರು ನಕ್ಕರು. ಆಮೇಲೆ ಇವರು ಬಹಳ ಸಣ್ಣ ದನಿಯಲ್ಲಿ, "ಇರ್ಲಿ. ಆಮ್ಯಾಲ ಹೇಳ್ತೇನಿ" ಅಂದರು.

ಅಷ್ಟೇ. ಟೇಪು ಮುಗಿಯಿತು.

೧೫ ಜನವರಿ ೧೯೮೪, ಐತವಾರ
ಬಸವಕಲ್ಯಾಣ

ಸಂಕ್ರಾಂತಿಗೆ ತವರಿಗೆ ಬಂದಿದ್ದೇನೆ. ಗೌಹರ ಆಪಾ ಬಾ ಅಂತ ಹೇಳಿಕಳಿಸಿದ್ದರು. ಕಿಲ್ಲಾದ ಹತ್ತಿರ ಅವರ ಮನೆ. ಅವರ ಗಂಡನೂ ನಮ್ಮವರೂ ದಮ್ಮಾಮಿನಲ್ಲಿ ಒಂದೇ ಕಂಪನಿ. ವೆಲ್ಡಿಂಗ್ ಕೆಲಸಕ್ಕೆ ಇವರನ್ನು ಕರೆಸಿಕೊಂಡವರೇ ಅವರು. ರಜೆಗೆ ಬಂದವರ ಕೈಯಲ್ಲಿ ಟೇಪುಗಳು ಮೊದಲು ಗೌಹರ ಆಪಾನ ಮನೆಗೇ ಬರುತ್ತವೆ.

"ಬಾ ಮೀರಾ. ನನ್ನ ಟೇಪೂ ಬಿಮಾರ ಬಿದ್ದದ. ಗುಂಯ್ ಗುಂಯ್ ಅಂತದ. ನೀ ಎಲ್ಲಾ ರಿಪೇರಿ ಮಾಡ್ತಿ ಅಂತ ಕೇಳ್ದೆ."

ಅವರದು ಚಿಕ್ಕ ಮಷಿನ್, ಸೆಲ್ಲಿನ ಮೇಲೆ ನಡೆಯುವಂಥದು. ಕರೆಂಟೂ ಇಲ್ಲ, ತಾರೂ ಇಲ್ಲ. ಗುಂಯ್ ಎಲ್ಲಿಂದ ಬರಬೇಕು? ಹಾಕಿ ಅಂದೆ. ಅವರ ಗಂಡನ ಮಾತು ಶುರುವಾಯಿತು. ಹಿಂದೆ ಅದೇ ಗುಂಯ್. ನನ್ನ ಟೇಪಿನಲ್ಲಿ ಆಗುವ ಹಾಗೇ ಸ್ವಲ್ಪ ಹೊತ್ತಿಗೆ ಢಕ್ ಅಂತ ನಿಂತು, ತಡೆದು, ಮತ್ತೆ ಹತ್ತಿಕೊಂಡಿತು.

"ಆಪಾ, ಇದು ಮಷಿನ್ ರೋಗ ಅಲ್ಲ. ಅಲ್ಲಿ ಖೋಲಿಯಾಗ ಏನೋ ನಡಿಯಾಕತ್ತದ."

"ಹಾಂ, ಅದಾ? ಕಿಡಕಿಯಾಗ ಥಂಡಿ ಹವಾದ ಮಷಿನ್ ಅದ ಅಂತ. ಬಂದ್ ಮಾಡಿದರ ಜೀವ ಹೋಗ್ತದಂತ ಆ ಬಿಸಲಾಗ. ಎಂಟು ಮಂದಿ ಒಂದ ಖೋಲಿ. ಮ್ಯಾಲೊಂದು ಕೆಳಗೊಂದು ಪಲಂಗ. ನಿನಗ ಹೇಳಿಲ್ಲೇನು?"

ಹೇಳಿಲ್ಲ. ಖೋಲಿ ದೊಡ್ಡದದ, ಆರಾಮ ಅದ ಅಂತ ಪ್ರತಿ ಸಲ ಹೇಳುತ್ತಾರೆ.

ಆಗ ಟೇಪಿನಲ್ಲಿ ಆಪಾನ ಗಂಡ ಏನೋ ಹೇಳುತ್ತಿದ್ದಾಗ ಅವರ ಹಿಂದೆ ಯಾರೋ ಕೆಮ್ಮಿದರು. ಒಂದು ಉದ್ದ ಕೆಮ್ಮು, ಹಿಂದೆಯೇ ಎರಡು ಸಣ್ಣವು, ಆಮೇಲೆ ಗಂಟಲು ಸರಿಮಾಡಿಕೊಳ್ಳುವುದು.

"ಮತ್ತ ಹಾಕ್ರಿ ಆಪಾ."

"ಯಾಕ? ನನ್ನ ಗಂಡನ ಮಾತು ನಿನಗ್ಯಾಕ ಬೇಕು?" ಅಂತ ನಗುತ್ತ ಹಿಂದೆ ಓಡಿಸಿ ಹಾಕಿದರು. ಕೆಮ್ಮು ಬಂತು. ನನ್ನ ಮುಖ ನೋಡಿದರು. ನಗು ನಿಂತಿತು. ಮತ್ತೆ ನಾನು ಕೇಳಬೇಕಾಗಿ ಬರಲಿಲ್ಲ. ತಾವೇ ಹಿಂದೆ ಓಡಿಸಿದರು, ಹಾಕಿದರು, ಮತ್ತೆ ಓಡಿಸಿದರು. ಒಳಗೆ ಹೋಗಿ ನೀರು ತಂದು ಕೊಟ್ಟು ಮತ್ತೊಮ್ಮೆ ಹಾಕಿದರು.

ಇವರು ಟೇಪಿನಲ್ಲಿ ನನಗೆ ಮಾತಾಡುವಾಗ ಕೆಮ್ಮುವುದಿಲ್ಲ. ಹೇಗೆ ತಡೆದುಕೊಳ್ಳುತ್ತಾರೋ.

೧೦ ಫೆಬ್ರವರಿ, ಶುಕ್ರವಾರ
ಹುಮನಾಬಾದ

ಕಾಗದ ಬಂತು. ಯುಗಾದಿಗೆ ಬರುವುದಿಲ್ಲ. ಕಂಪನಿಯವರು ಇನ್ನೊಂದು ವರ್ಷಕ್ಕೆ ಸಹಿ ಮಾಡಿಸಿಕೊಂಡರಂತೆ.

ಅತ್ತಿ ಉಣ್ಣಲಿಲ್ಲ. ನಾನು ಉಂಡೆ, ನನ್ನನ್ನು ನೋಡಿಯಾದರೂ ಅವರು ಎರಡು ತುತ್ತು ಉಣ್ಣಲಿ ಅಂತ.

೧ ಮಾರ್ಚ್, ಗುರುವಾರ

ಆಪಾನ ಮೈದುನ ನಾಡಿದ್ದು ದಮ್ಮಾಮಿಗೆ ಹೊರಟಿದ್ದಾನೆ. ಟೇಪು ಕಳಿಸಬೇಕು. ಪ್ರತಿ ಸಲ ಎಲ್ಲರೂ ಕೂಡಿ ತುಂಬುತ್ತಿದ್ದೆವು. ಅತ್ತಿ ಮಾತಾಡುವುದು, ಕೊನೆಗೆ ನಾನು "ನಾನೂ ಆರಾಮ ಇದ್ದೇನ್ರಿ" ಅನ್ನುವುದು. ಈ ಸಲ ಮೊನ್ನೆ ಒಬ್ಬಳೇ ಮೈಕಿನ ಮುಂದೆ ಕುಳಿತೆ. ಹೇಳುವುದು ಎಷ್ಟೋ ಇತ್ತು. ಆದರೆ ಅದನ್ನು ಅಲ್ಲಿ ಹಾಕುವಾಗ ಎಂಟು ಮಂದಿ ಕೇಳುತ್ತಾರೆ. ಇವರು ಓಡಿಹೋಗಿ ಗುಂಡಿ ತಗ್ಗಿಸಬೇಕಾಗುತ್ತದೆ, ಅವರು ನಗುತ್ತಾರೆ.

ಎಂಟು ಮಂದಿಯೂ ಕೇಳಲಿ ಅಂತ ಯೋಚಿಸಿದೆ. ಮೈಕನ್ನು ಅಂಗಳಕ್ಕೆ ಒಯ್ಯಬೇಕೆಂದರೆ ತಾರು ಗಿಡ್ಡ. ಮಾಮೂಲಿ ತಾರು ಜೋಡಿಸಿದರೆ ಅದು ಮತ್ತೆ ಗುಂಯ್ ಹಿಡಿದುಕೊಂಡು ಬರುತ್ತದೆ. ಒಳಗೊಂದು ಎಳೆ, ಅದರ ಸುತ್ತ ಜಾಳಿಗೆಯ ಹಾಗೆ ಹೆಣೆದ ತಾರು ಇರುವಂಥದ್ದು ಬೇಕು. ಕಾಸಿಂ ಭಾಯಿಯಿಂದ ತಂದು ನಾನೇ ಜೋಡಿಸಿದೆ. ಜಾಳಿಗೆ ಜಾಳಿಗೆಗೆ, ಎಳೆ ಎಳೆಗೆ, ಎರಡೂ ಮುಟ್ಟದ ಹಾಗೆ.

ಇವತ್ತು ಬೆಳಗಿನಿಂದ ಮೈಕು ಅಂಗಳದ ಕಟ್ಟೆಯ ಮೇಲಿತ್ತು. ಎಮ್ಮೆ ಹಿಂಡುವ ಆವಾಜು ತುಂಬಿದೆ, ಮೊದಲು ಖಾಲಿ ಚರಿಗೆಯ ಸರ್‌ಸರ್, ಆಮೇಲೆ ನೊರೆ ಬಂದ ಮೇಲಿನ ಮೆತ್ತಗಿನದು. ರೊಟ್ಟಿ ಬಡಿಯುವುದು. ಕೋಳಿ. ಕಲ್ಯಾಣಕ್ಕೆ ಹೋಗುವ ಬಸ್ಸಿನ ಹಾರ್ನ್. ಬಾವಿಯ ಗಾಲಿ. ಮೊಣಕಾಲು ನೋವಂತ ಅತ್ತಿ ಇವತ್ತು ಮಾಣಿಕನಗರಕ್ಕೆ ಹೋಗಿರಲಿಲ್ಲ, ಅವರಿಗೆ ಏನೂ ಹೇಳಿರಲಿಲ್ಲ; ಅವರು ಮೈಕಿನ ಪಕ್ಕದಲ್ಲೇ ಕುಳಿತು ಅಕ್ಕಿ ಆರಿಸುತ್ತ ಬೆಕ್ಕಿಗೆ ಬೈದರು, ಮೊಣಕಾಲಿಗೆ ಬೈದರು, ಆಮೇಲೆ ಯಾವುದೋ ಹಳೇ ಬೀಸುವ ಪದ ಸಣ್ಣಗೆ ಹಾಡಿಕೊಂಡರು. ಪೂರಾ ಬಂದಿದೆ.

ಕೊನೆಗೆ ನಾನೇನೂ ಹೇಳಲಿಲ್ಲ. ಕಟ್ಟೆಗೆ ನೀರು ಹಾಕಿ ಕಸ ಗುಡಿಸಿದೆ, ಬಳೆ ಆವಾಜು ಬರುವ ಹಾಗೆ.

೨೨ ಏಪ್ರಿಲ್, ಐತವಾರ

ಬರೆಯಲು ಹೊತ್ತೇ ಆಗಿಲ್ಲ. ನಮ್ಮ ಓಣಿಯ ರಹೀಮಾಳ ಮನೆಯಲ್ಲಿ ಒಂದು ಪೆಟ್ಟಿಗೆ ಮಾತಾಡುತ್ತಿರಲಿಲ್ಲ, ಇಲಿ ತಾರು ಕಡಿದಿತ್ತು. ಮಾಣಿಕನಗರದಲ್ಲಿ ಒಬ್ಬರ ಮನೆಗೆ ಅತ್ತಿಯೇ ಕರೆದುಕೊಂಡು ಹೋದರು. "ನನ್ನ ಸೊಸಿ ಒಂದು ಮಿನಿಟಿನಾಗ ಹೇಳ್ತಾಳ" ಅಂತ ದಾರಿಯುದ್ದಕ್ಕೂ ಹೇಳಿದರು. ಒಂದು ಮಿನಿಟಿನಲ್ಲಿ ಆಗಲಿಲ್ಲ, ಮಧ್ಯಾಹ್ನ ಪೂರಾ ಹಿಡಿಯಿತು. ಟೇಪಿನ ತಲೆಗೆ ಧೂಳು ಹತ್ತಿತ್ತು, ಹತ್ತಿಯಿಂದ ಒರೆಸಿದ ಮೇಲೆ ಸರಿಹೋಯಿತು. ಆ ಮನೆಯ ಮುದುಕಿ ಮಗನ ಮಾತು ಕೇಳಿ ನನ್ನ ಗದ್ದ ಹಿಡಿದು ಮುದ್ದು ಕೊಟ್ಟಳು.

ಬರುವಾಗ ಬಿಸಿಲು ಇಳಿದಿತ್ತು. ಇವರಿದ್ದಿದ್ದರೆ ಇಷ್ಟೆಲ್ಲ ಹೇಳಬಹುದಿತ್ತು ಅನ್ನಿಸಿತು.

೧೭ ಮೇ, ಗುರುವಾರ

ಗೌಹರ ಆಪಾ ಬಸ್ಸಿನವನ ಕೈಯಲ್ಲಿ ಟೇಪು ಕಳಿಸಿದ್ದಾರೆ. ಬೆಳಿಗ್ಗೆ ಬಂತು. ಅತ್ತಿ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ನನಗೆ ಕೊಟ್ಟರು. "ಮೊದಲ ನೀ ಕೇಳು. ನಾ ಗುಡಿಗೆ ಹೋಗಿ ಬರ್ತೇನಿ" ಅಂದರು.

ಮಧ್ಯಾಹ್ನ ಹಾಕಿದೆ. ಟೇಪು ತಿರುಗುತ್ತಿದೆ, ಏನೂ ಇಲ್ಲ. ಗುಂಯ್ ಕೂಡ ಇಲ್ಲ. ಖಾಲಿ ಬಂದಿದೆಯೋ ಅಂತ ಹಿಂದೆ ಹೋಗಿ ತಾರೆಲ್ಲ ಮುಟ್ಟಿ ನೋಡಿದೆ, ಬಿಗಿಯಾಗಿಯೇ ಇದ್ದವು. ಆಗ ಮಾತು ಬಂತು.

"ಮೀರಾ, ಹವಾ ಮಷಿನ್ ಬಂದ್ ಮಾಡೇನಿ."

ಎಷ್ಟು ಹತ್ತಿರ ಇತ್ತೆಂದರೆ, ಮಾತಿನ ನಡುವೆ ನಾಲಿಗೆ ಒಣಗಿದ್ದು ಗೊತ್ತಾಗುತ್ತಿತ್ತು.

"ನೀ ಕಳಿಸಿದ್ದು ಹಾಕಿದಾಗ ನಾ ಯಾರಿಗೂ ಏನೂ ಹೇಳಿದ್ದಿಲ್ಲ. ಎಮ್ಮಿ ಹಿಂಡೂ ಆವಾಜು ಬಂತು ನೋಡು, ಒಬ್ಬಾಂವ ಎದ್ದು ಹೋಗಿ ಹವಾ ಮಷಿನ್ ಬಂದ್ ಮಾಡ್ದ. ಎಲ್ಲಾರೂ ಬೆವತು ನೀರಾಗಿ ಕುಂತು ಕೇಳೀವಿ. ಒಬ್ಬ ಕೇರಳದಾಂವ ಇದ್ದಾನ, ಅವಂಗ ನಮ್ಮ ಮಾತು ಒಂದಕ್ಷರ ತಿಳಿಯೂದಿಲ್ಲ. ಅವ್ವ ಬೆಕ್ಕಿಗೆ ಬೈದಾಗ ಮಾರಿ ಮುಚ್ಚಿಕೊಂಡ. ದಿನಾ ಒಮ್ಮೆ ಹಾಕು ಅಂತಾರ. ನಂದಲ್ಲ ಅದು ಈಗ, ಎಲ್ಲಾರದೂ ಆಗ್ಯದ."

ಒಂದು ಕೆಮ್ಮು. ಉದ್ದದ್ದು, ಆಮೇಲೆ ಎರಡು. ತಡೆದುಕೊಳ್ಳಲಿಲ್ಲ.

"ಇವತ್ತ ಶುಕ್ರವಾರ. ಎಲ್ಲಾರೂ ಹೊರಗ ಹೋಗಿ ಗ್ವಾಡಿ ನೆರಳಿನಾಗ ಕುಂತಾರ. ನೆರಳೂ ಸುಡ್ತದ ಇಲ್ಲಿ. ಸ್ವಲ್ಪ ಹೊತ್ತು ಖೋಲಿ ನಿಂದು, ಮಾತಾಡು ಅಂತ ನನಗ ಬಿಟ್ಟು ಹೋಗ್ಯಾರ."

ಆಮೇಲೆ ಬಹಳ ಹೊತ್ತು ಸುಮ್ಮನಿದ್ದರು. ಉಸಿರಾಡುವುದು ಕೇಳುತ್ತಿತ್ತು. ನಾನು ಪೆಟ್ಟಿಗೆಗಳ ಎದುರಿಗೆ ಕಾಲು ಮಡಚಿ ಕುಳಿತು ಕಾದೆ. ಹವಾ ಮಷಿನ್ ಇಲ್ಲ, ಯಾರೂ ಇಲ್ಲ, ನಮ್ಮ ಮನೆಯಲ್ಲೂ ಯಾರೂ ಇಲ್ಲ. ಈಗ ಹೇಳುತ್ತಾರೆ ಅಂದುಕೊಂಡೆ.

"ಎಷ್ಟೋ ಇತ್ತು ಮೀರಾ. ಈಗ ಒಂದೂ ಬರವಲ್ದು."

ಆಮೇಲೆ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವರ ಹಾಗೆ, ಕೇಳಿದರು:

"ಉಂಡಿಯೇನು?"

"ಉಂಡೇನ್ರಿ" ಅಂದೆ. ಬಾಯಿಬಿಟ್ಟೇ ಅಂದೆ. "ನಿಮ್ದಾಯ್ತಾ?"

ಅಲ್ಲಿ ಅವರೂ ತಡೆದರು. ನಾನು ಹೇಳಿ ಮುಗಿಸುವಷ್ಟು ಹೊತ್ತು ಬಿಟ್ಟು, "ನಂದೂ ಆಯ್ತು" ಅಂದರು.

ಎಮ್ಮೆ ಎಷ್ಟು ಹಾಲು ಕೊಡುತ್ತದೆ ಅಂದರು, ನನ್ನ ಮಾತಿಗೆ ಜಾಗ ಬಿಟ್ಟರು. ಹೇಳಿದೆ. ತಾರು ನೀನೇ ಜೋಡಿಸಿದಿಯಂತಲ್ಲ, ಹೆದರಿಕೆ ಆಗಲಿಲ್ಲವೇನು ಅಂದರು, ಬಿಟ್ಟರು. ಎಲ್ಲಾ ಹೇಳಿದೆ. ಉಪ್ಪಿನ ಗಡಿಗೆ ಬೋರಲು ಹಾಕಿದ್ದು, ಮಾಣಿಕನಗರದ ಮುದುಕಿ ಮುದ್ದು ಕೊಟ್ಟದ್ದು. ನಾನು ಹೇಳುವುದು ಕೆಲವು ಸಲ ಉದ್ದವಾಗಿ ಅವರ ಮುಂದಿನ ಮಾತಿನ ಮೇಲೆ ಬಿತ್ತು. ಆಗ ಹಿಂದೆ ಓಡಿಸಿ ಮತ್ತೆ ಕೇಳಿದೆ.

ನಡುವೆ ಹೊರಗೆ ಯಾರೋ ಚಿಲಕ ಬಡಿದರು. ಆಚೆ ಮನೆಯವರ ದನಿ, "ಪಂಡರಿ ಟೇಪ್ ಬಂದದೇನು ಧೂಳಮ್ಮಾ? ಒಳಗ ಮಾತು ಕೇಳಾಕತ್ತದ."

ಅತ್ತಿ ಗುಡಿಗೆ ಹೋಗಿರಲೇ ಇಲ್ಲ. ಆ ಬಿಸಿಲಲ್ಲಿ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದರು.

"ಸಂಜಿಮುಂದ ಬರ್ರಿ" ಅಂದರು. "ಈಗ ಬ್ಯಾಡ. ಗಂಡ ಹೆಂಡ್ತಿ ಮಾತಾಡಾಕತ್ತಾರ."